ಹಾಸ್ಯನಟಿಯ ಕರುಣರಸ: ಶ್ರೀಮತಿ ಉಮಾಶ್ರೀಯವರ ಪಾತ್ರಾಭಿನಯದ ವಿಮರ್ಶೆ

೧. ಪ್ರಸ್ತಾವ

ಮಂಗಳೂರಿನ ಬಿಜೈಯಲ್ಲಿ ಶ್ರೀಮಂತೀಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯವಿದೆ. ಕರ್ನಲ್ ಮಿರಾಜಕರರು ತಮ್ಮ ತಾಯಿಯ ಹೆಸರು ನಿಲ್ಲಲೆಂದು ಕೊಟ್ಟ ಮನೆಯಲ್ಲಿ ಅದು ೧೯೬೦ರಲ್ಲಿ ತೆರೆಯಿತು. ಶಿಲ್ಪ, ನಾಣ್ಯ, ಆಯುಧ ಮೊದಲಾದ ಪದಾರ್ಥಗಳನ್ನು ಅಲ್ಲಿ ಜಾತಿಜಾತಿಯಾಗಿ ವಿಂಗಡಿಸಿ ಇರಿಸಿರುವರು. ಸಂಗ್ರಹವೆಂಬುದರ ಸ್ವಭಾವವೇ ಹೀಗೆ. ಹೆಸರಿದ್ದ ವಸ್ತುವಿಗೆ ಸ್ಥಳ ದೊರೆಯುವುದು, ಹೆಸರಿಲ್ಲದುದು ಮೂಲೆಗೆ ಸೇರುವುದು. ಶಾಸ್ತ್ರವೂ ಒಂದು ಬಗೆಯ ಸಂಗ್ರಹವೇ ಸರಿ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ನಾಯಕ, ನಾಯಿಕೆ, ವಿಟ, ಚೇಟ, ಶಕಾರ, ವಿದೂಷಕ ಎಂದು ಪಾತ್ರಗಳಿಗೆಲ್ಲ ಹೆಸರಿಟ್ಟು, ಲಕ್ಷಣ ಹೇಳಿ, ಅವರವರ ನಡೆ ನುಡಿ ವೇಷಗಳನ್ನು ವಿಧಿಸಿರುವನು. ಆದರೆ ಅಷ್ಟು ದೊಡ್ಡ ಸಂಗ್ರಹದಲ್ಲಿಯೂ ಒಂದು ಪಾತ್ರಕ್ಕೆ ಹೆಸರಿನ ಚೀಟಿಯಿಲ್ಲ. ಅದು ನಗಿಸುವ ಹೆಂಗಸಿನ ಪಾತ್ರ.

ಇಂದಿನ ಚಲಚ್ಚಿತ್ರದವರು ಈ ಪಾತ್ರವನ್ನು ಆಡುವವಳನ್ನು ಪೋಷಕನಟಿಯೆಂದು ಕರೆದು ಸುಮ್ಮನಾಗುವರು. ಬಾಯಿಬಡುಕಿಯಾದ ಅತ್ತೆ, ಊರ ಸುದ್ದಿಯನ್ನೆಲ್ಲ ಹೊತ್ತು ತಿರುಗುವ ನೆರೆಮನೆಯವಳು, ಹಲ್ಲಿಲ್ಲದ ಅಜ್ಜಿ, ನಾಚಿಕೆ ಬಿಟ್ಟ ಗಯ್ಯಾಳಿ ಇವರೆಲ್ಲರೂ ಆ ಒಂದೇ ಮಾತಿನಲ್ಲಿ ಅಡಗಿಹೋಗುವರು. ಇಂತಹ ಪಾತ್ರಗಳಿಂದ ಹೊರಟು ಕನ್ನಡದ ಅಭಿನಯಕಲೆಯಲ್ಲಿ ಉನ್ನತಸ್ಥಾನವನ್ನು ಪಡೆದವರು ಶ್ರೀಮತಿ ಉಮಾಶ್ರೀಯವರು. ಅವರ ವಿಷಯದಲ್ಲಿ ರೂಢಿಯಾಗಿರುವ ಮಾತೊಂದುಂಟು: ಮೊದಲು ಅವರು ಅಗ್ಗದ ಹಾಸ್ಯದಲ್ಲಿ ಕಾಲ ಕಳೆದರು, ಆಮೇಲೆ ಅದನ್ನು ಬಿಟ್ಟು ಗಂಭೀರನಟಿಯಾದರು ಎಂದು. ಈ ಮಾತು ಎಷ್ಟರ ಮಟ್ಟಿಗೆ ನಿಲ್ಲುವುದೆಂಬುದೇ ಪ್ರಕೃತ ಲೇಖನದ ವಿಚಾರ. ನಿಲ್ಲದೆ ಹೋದಲ್ಲಿ ಹಾಸ್ಯಕ್ಕೂ ಕರುಣಕ್ಕೂ ಇರುವ ಸಂಬಂಧವನ್ನು ಲಾಕ್ಷಣಿಕರ ನೆರವಿನಿಂದ ಮತ್ತೊಮ್ಮೆ ನೋಡಬೇಕಾಗುವುದು.

೨. ಶಾಸ್ತ್ರದಲ್ಲಿ ನಗಿಸುವ ಹೆಂಗಸು

ಭರತನು ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡಾಗಿ ವಿಭಾಗಿಸಿದನು. ತಾನೇ ನಗುವುದು ಆತ್ಮಸ್ಥ, ಇತರರನ್ನು ನಗಿಸುವುದು ಪರಸ್ಥ. ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ನಗೆಯಲ್ಲಿ ಆರು ಭೇದಗಳನ್ನು ಹೇಳಿ, ಎರಡೆರಡನ್ನು ಉತ್ತಮ ಮಧ್ಯಮ ಅಧಮ ಪ್ರಕೃತಿಗಳಿಗೆ ಹಂಚಿಕೊಟ್ಟನು. ತುಟಿ ಬಿರಿಯದ ಮುಗುಳುನಗೆ ದೊಡ್ಡವರದು. ಕಣ್ಣಲ್ಲಿ ನೀರು ಬರುವಂತೆ ಪಕ್ಕೆ ಹಿಡಿದು ನಗುವುದು ಕೆಳಗಿನವರದು. ಇದರ ಸಂಗಡವೇ ಇನ್ನೊಂದು ಮಾತನ್ನೂ ಅವನು ಹೇಳಿರುವನು. ಈ ರಸವು ಹೆಚ್ಚಾಗಿ ಸ್ತ್ರೀಯರಲ್ಲಿಯೂ ನೀಚಪ್ರಕೃತಿಯವರಲ್ಲಿಯೂ ಕಾಣಬರುವುದೆಂದು ಅದರ ತಾತ್ಪರ್ಯ.

ಇಲ್ಲಿ ಒಂದು ಸಂಶಯ ಹುಟ್ಟದಿರದು. ಹಾಸ್ಯವು ಸ್ತ್ರೀಯರಲ್ಲಿ ಹೆಚ್ಚೆಂದು ಹೇಳಿದ ಮೇಲೆ, ಹಾಸ್ಯಕ್ಕೆಂದೇ ಮೀಸಲಾದ ಪಾತ್ರವನ್ನು ಪುರುಷನಿಗೆ ಮಾತ್ರ ಕೊಟ್ಟುದೇಕೆ? ವಿದೂಷಕನುಂಟು, ವಿದೂಷಕಿಯಿಲ್ಲ. ಲಕ್ಷ್ಯಗ್ರಂಥಗಳನ್ನು ನೋಡಿದರೂ ಇದೇ ಗತಿ. ಶೂದ್ರಕನ ಮೃಚ್ಛಕಟಿಕದ ನಾಲ್ಕನೆಯ ಅಂಕದಲ್ಲಿ ಮೈತ್ರೇಯನು ವಸಂತಸೇನೆಯ ಮನೆಗೆ ಹೋಗಿ, ಅಂಗಳ ಅಂಗಳಗಳನ್ನು ದಾಟಿ, ಕಡೆಯಲ್ಲಿ ಅವಳ ತಾಯಿಯ ಸ್ಥೂಲಕಾಯವನ್ನು ಕಂಡು ಹಾಸ್ಯಮಾಡುವನು. ನಗುವವನು ವಿದೂಷಕ, ನಗೆಗೆ ಗುರಿಯಾದವಳು ಮುದುಕಿ. ಅವಳಿಗೆ ಉತ್ತರ ಕೊಡುವ ಅವಕಾಶವನ್ನು ಕವಿಯು ಇಟ್ಟಿಲ್ಲ. ಮಹೇಂದ್ರವರ್ಮನ ಮತ್ತವಿಲಾಸಪ್ರಹಸನದ ದೇವಸೋಮೆಯಂತಹ ಕೆಲವರು ಇದಕ್ಕೆ ಅಪವಾದವೆಂದು ತೋರಬಹುದು. ಆದರೆ ಪ್ರಹಸನದ ಹೊರಗೆ ಅಂತಹವರಿಗೆ ಮನೆಯಿಲ್ಲ.

ಕರಾವಳಿಯ ಯಕ್ಷಗಾನವನ್ನು ನೋಡಿದರೂ ಸ್ಥಿತಿ ಬಹಳ ಬೇರೆಯಲ್ಲ. ಸ್ತ್ರೀವೇಷವನ್ನು ಗಂಡಸರೇ ಕಟ್ಟುತ್ತ ಬಂದರು. ಅದರಲ್ಲಿಯೂ ಅಜ್ಜಿಯ, ಕುರೂಪಿಯ, ಬಾಯಾಳಿಯ ವೇಷವು ಸಾಮಾನ್ಯವಾಗಿ ಹಾಸ್ಯಗಾರನ ಪಾಲಿಗೆ ಬರುವುದು. ಹೆಂಗಸಿನ ಹಾಸ್ಯವನ್ನು ಸಹ ಗಂಡಸಿನ ಮೈಯ ಮೂಲಕವೇ ನೋಡುವ ಅಭ್ಯಾಸವು ಹೀಗೆ ದೃಢವಾಯಿತು. ವೃತ್ತಿನಾಟಕ ಮಂಡಲಿಗಳಲ್ಲಿ ನಟಿಯರು ಬಂದ ಮೇಲೆ ಈ ಕಟ್ಟು ಸಡಿಲವಾಯಿತು. ಮೈಸೂರಿನ ಆರ್. ನಾಗರತ್ನಮ್ಮನವರು ೧೯೫೮ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಕಂಸನೇ ಮೊದಲಾದ ಗಂಡುಪಾತ್ರಗಳನ್ನು ತಾವೇ ಆಡಿ ಮೆರೆದರು. ಇದು ಹೆಂಗಸು ವೀರರೌದ್ರಗಳನ್ನು ಗೆದ್ದ ಕಥೆ. ಹಾಸ್ಯವನ್ನು ಗೆದ್ದ ಕಥೆ ಇದಕ್ಕಿಂತ ಕಷ್ಟದ್ದು. ಏಕೆಂದರೆ ಕಂಸನಾದವಳನ್ನು ಜನರು ಹೆದರಿ ನೋಡುವರು, ನಗಿಸಿದವಳನ್ನು ಹಗುರಾಗಿ ನೋಡುವರು.

೩. ನಟಿಯ ಪೂರ್ವಚರಿತ್ರೆ

ಉಮಾಶ್ರೀಯವರು ೧೯೫೭ರಲ್ಲಿ ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ ಜನಿಸಿದರು. ರಂಗಭೂಮಿಯಲ್ಲಿ ಪಳಗಿದ ಅವರಿಗೆ ಚಲಚ್ಚಿತ್ರದಲ್ಲಿ ಹೆಸರು ತಂದುದು ಕಾಶೀನಾಥರು ೧೯೮೪ರಲ್ಲಿ ತೆಗೆದ ‘ಅನುಭವ’. ಅಲ್ಲಿಂದ ಮುಂದೆ ಎರಡು ದಶಕಗಳ ಕಾಲ ಎನ್. ಎಸ್. ರಾವ್, ಮೈಸೂರು ಲೋಕೇಶ್, ದಿನೇಶ್ ಮೊದಲಾದ ಹಾಸ್ಯನಟರ ಜೊತೆಯಲ್ಲಿ ಅವರು ಆಡಿದ ಪಾತ್ರಗಳು ಅಸಂಖ್ಯಾತವಾದುವು. ೧೯೯೫ರ ‘ಪುಟ್ನಂಜ’ದಲ್ಲಿ, ನಲವತ್ತು ತುಂಬುವ ಮೊದಲೇ, ಪುಟ್ಟಮಲ್ಲಿಯೆಂಬ ಮುದುಕಿಯಾಗಿ ಕಾಣಿಸಿಕೊಂಡರು. ಮುಂದೆ ರಾಜಕೀಯಕ್ಕೂ ಇಳಿದು, ೨೦೧೩ರಲ್ಲಿ ತೇರದಾಳ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾಗಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಚಿವೆಯಾದರು. ಆ ಭಾಗವು ಅಭಿನಯವಿಮರ್ಶೆಗೆ ಹೊರಗಿನದು.

ಹಾಸ್ಯದ ಆ ದೃಶ್ಯಗಳಲ್ಲಿ ಹಲವು ದ್ವ್ಯರ್ಥದ ಮಾತುಗಳಿಂದ ತುಂಬಿದ್ದುವೆಂಬುದನ್ನು ಅಲ್ಲಗಳೆಯಲಾಗದು. ಕಥೆಯ ಓಟಕ್ಕೆ ಸೇರದ, ಬೇರೆಯಾಗಿ ಬರೆದು ಹೊಲಿದು ಸೇರಿಸಿದ ತುಂಡುಗಳು ಅವು. ಸಾಹಿತ್ಯಮೌಲ್ಯದ ದೃಷ್ಟಿಯಿಂದ ಅವನ್ನು ಸಮರ್ಥಿಸುವವರಿಲ್ಲ. ಆದರೆ ಬರೆದವನ ದೋಷವೂ ಆಡಿದವಳ ಗುಣವೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವಲ್ಲ. ಅಭಿನಯವನ್ನು ಮಾತ್ರ ಬೇರ್ಪಡಿಸಿ ನೋಡಿದಲ್ಲಿ ಮೂರು ಗುಣಗಳು ಕಣ್ಣಿಗೆ ಬೀಳುವುವು. ಮೊದಲನೆಯದು, ಕಾಲಜ್ಞಾನ, ಎದುರಿನವನ ಮಾತು ಮುಗಿಯುವ ಮೊದಲೇ ಮುಖದಲ್ಲಿ ಉತ್ತರ ಸಿದ್ಧವಾಗಿರುವುದು, ಬಾಯಲ್ಲಿ ಅದು ಒಂದು ಕ್ಷಣ ತಡೆದು ಬರುವುದು. ಎರಡನೆಯದು, ದೇಹವನ್ನು ಚೆಲುವಿಗಾಗಿ ಕಾಯ್ದುಕೊಳ್ಳದಿರುವುದು. ಸೆರಗು ಸಿಕ್ಕಿಸಿ, ಕಾಲು ಚಾಚಿ, ಬಾಯಿ ತೆರೆದು ನಗುವಾಗ ತಾನು ಹೇಗೆ ಕಾಣುವೆನೆಂಬ ಶಂಕೆ ಆ ನಟಿಗೆ ಇಲ್ಲ. ಮೂರನೆಯದು, ನಗಿಸುವಾಗಲೂ ಪಾತ್ರವು ತನ್ನನ್ನು ತಾನು ಹಾಸ್ಯದ ವಸ್ತುವೆಂದು ತಿಳಿಯದಿರುವುದು. ಗಯ್ಯಾಳಿಯು ನಿಜವಾಗಿಯೇ ಕೋಪಗೊಂಡಿರುವಳು, ಅಜ್ಜಿಯು ನಿಜವಾಗಿಯೇ ಆಸೆಪಟ್ಟಿರುವಳು. ನೋಡುವವರಿಗೆ ನಗೆ, ಅವಳಿಗೆ ಅದೇ ಬದುಕು. ಈ ಮೂರನೆಯ ಗುಣವೇ ಮುಂದಿನ ವಿಚಾರಕ್ಕೆ ಬೀಜವಾದುದು.

೪. ಸಾಕವ್ವ

ಹಾಸ್ಯನಟಿಯೆಂದು ಚಿತ್ರರಂಗವು ಉಮಾಶ್ರೀಯವರನ್ನು ಗುರುತಿಸಿದ್ದರೂ ರಂಗಭೂಮಿಯಲ್ಲಿ ಅವರ ಹೆಸರು ಮತ್ತೊಂದು ಪಾತ್ರಕ್ಕೆ ಅಂಟಿಕೊಂಡಿತು. ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ. ಜಿ. ಕೃಷ್ಣಸ್ವಾಮಿಯವರು ರಂಗಕ್ಕೆ ತಂದಾಗ ಅದರಲ್ಲಿ ಸಾಕವ್ವನಾದವರು ಅವರು. ಮುದಿತನಕ್ಕೆ ಇನ್ನೂ ಬಹುದೂರವಿದ್ದಾಗಲೇ ಆ ಮುದುಕಿಯ ಬಾಗಿದ ಬೆನ್ನನ್ನೂ ಒಡೆದ ದನಿಯನ್ನೂ ತಮ್ಮದಾಗಿ ಮಾಡಿಕೊಂಡರು.

ಸಾಕವ್ವನದು ಬಡ ದಲಿತ ಕುಟುಂಬ. ಅವಳ ಹುಂಜವೊಂದು ಕಳೆದುಹೋಗಿದೆ. ಅದನ್ನು ಹುಡುಕುತ್ತ, ಕಂಡವರನ್ನೆಲ್ಲ ಕೇಳುತ್ತ, ಕಾಣದ ಕಳ್ಳನಿಗೆ ಶಾಪ ಹಾಕುತ್ತ ಅವಳು ಅಲೆಯುವಳು. ಒಂದು ಹುಂಜಕ್ಕಾಗಿ ಇಷ್ಟು ರಂಪವೇ ಎಂದು ನಗೆ ಬರುವುದು ಸಹಜ. ಪರಸ್ಥಹಾಸ್ಯದ ಸಾಮಗ್ರಿ ಅಲ್ಲಿ ಪೂರ್ಣವಾಗಿದೆ. ಆದರೆ ಆ ಮನೆಯಲ್ಲಿ ಒಂದು ಹುಂಜವೆಂದರೆ ಎಷ್ಟೆಂಬುದು ಕ್ರಮೇಣ ತಿಳಿಯುತ್ತ ಬಂದ ಹಾಗೆ ನಕ್ಕವರಿಗೇ ತಮ್ಮ ನಗೆ ಭಾರವಾಗುವುದು. ಇರುಳಿನಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಕಡಲೆಕಾಯಿ ತಿನ್ನುವ ಪ್ರಸಂಗದಲ್ಲಿಯೂ ಹೀಗೆಯೇ. ಹಸಿವೂ ಹಬ್ಬವೂ ಅಲ್ಲಿ ಒಂದೇ ಚಾಪೆಯ ಮೇಲೆ ಕುಳಿತಿರುವುವು. ಸಾಕವ್ವನನ್ನು ಬರಿಯ ದುಃಖದ ಮೂರ್ತಿಯಾಗಿ ಆಡಿದಲ್ಲಿ ಕೃತಿಯು ಅರ್ಧವಾಗುವುದು. ಬರಿಯ ನಗೆಯ ಮುದುಕಿಯಾಗಿ ಆಡಿದಲ್ಲಿ ಅಪಚಾರವಾಗುವುದು. ಎರಡನ್ನೂ ಒಂದೇ ಉಸಿರಿನಲ್ಲಿ ಆಡಬಲ್ಲವಳು ಬೇಕು. ಚಿತ್ರಗಳ ಗಯ್ಯಾಳಿಯನ್ನು ಆಡಿದ ಕಂಠವೇ ಇಲ್ಲಿ ಶಾಪ ಹಾಕಿತು. ಆ ಶಾಪದಲ್ಲಿ ಕಸುವು ಇದ್ದುದರಿಂದಲೇ ಅದರ ಹಿಂದಿನ ನಿಸ್ಸಹಾಯತೆಯು ಕೇಳಿಸಿತು.

ಆದುದರಿಂದ ಹಾಸ್ಯದಿಂದ ಗಾಂಭೀರ್ಯಕ್ಕೆ ಏರಿದರೆಂಬ ರೂಢಿಯ ಮಾತಿನಲ್ಲಿ ಪೂರ್ವಾಪರದ ಲೆಕ್ಕವೇ ಸರಿಯಾಗಿಲ್ಲ. ಎರಡೂ ಜೊತೆಜೊತೆಯಾಗಿ ನಡೆದುವು. ಭೇದವಿದ್ದುದು ನೋಡುವವರಲ್ಲಿ. ನಾಟಕಗೃಹದ ಕೆಲವು ನೂರು ಜನ ಸಾಕವ್ವನನ್ನು ಬಲ್ಲರು. ಚಿತ್ರಮಂದಿರದ ಲಕ್ಷಾಂತರ ಜನರು ಹಾಸ್ಯದವಳನ್ನು ಮಾತ್ರ ಬಲ್ಲರು. ಈ ಎರಡನೆಯ ಸಮುದಾಯದ ಮುಂದೆ ಕರುಣವನ್ನು ಆಡಬೇಕಾದಾಗ ಏನಾಗುವುದೆಂಬುದೇ ನಿಜವಾದ ಪ್ರಶ್ನೆ. ಇದಕ್ಕೆ ಹೊರದೇಶದ ಉದಾಹರಣೆಯೊಂದು ಬೆಳಕು ಕೊಡುವುದು.

೫. ಜಾಸು ಪಿಟ್ಸ್

ಅಮೆರಿಕದ ಹಾಲಿವುಡ್ಡಿನಲ್ಲಿ ಜಾಸು ಪಿಟ್ಸ್ ಎಂಬ ನಟಿಯಿದ್ದರು. ೧೮೯೪ರಲ್ಲಿ ಕಾನ್ಸಾಸ್ ಪ್ರಾಂತದ ಪಾರ್ಸನ್ಸ್ ಎಂಬ ಊರಿನಲ್ಲಿ ಹುಟ್ಟಿದವರು. ಎಲೈಜಾ, ಸೂಸನ್ ಎಂಬ ಇಬ್ಬರು ಬಂಧುಸ್ತ್ರೀಯರ ಹೆಸರುಗಳ ಒಂದೊಂದು ಅಕ್ಷರವನ್ನು ಕೂಡಿಸಿ ಇಟ್ಟ ಹೆಸರು ಅದು. ಹೆಸರಿನಿಂದಲೇ ವೈಲಕ್ಷಣ್ಯ ಆರಂಭವಾಯಿತೆನ್ನಬಹುದು. ಅಗಲವಾದ ಕಣ್ಣು, ಸದಾ ತಡವರಿಸುವ ಕೈಬೆರಳುಗಳು, ನಡುಗುವ ದನಿ ಇವು ಅವರ ಲಕ್ಷಣಗಳು. ಎರಿಕ್ ಫಾನ್ ಸ್ಟ್ರೋಹೈಮ್ ಎಂಬ ನಿರ್ದೇಶಕನು ಈ ಲಕ್ಷಣಗಳಲ್ಲಿಯೇ ಶೋಕವನ್ನು ಕಂಡನು. ೧೯೨೪ರಲ್ಲಿ ತೆರೆಕಂಡ ‘ಗ್ರೀಡ್’ ಎಂಬ ಮೂಕಚಿತ್ರದಲ್ಲಿ ಟ್ರೀನಾ ಎಂಬ ನಾಯಿಕೆಯ ಪಾತ್ರವನ್ನು ಅವರಿಗೆ ಕೊಟ್ಟನು. ಲಾಟರಿಯಲ್ಲಿ ೫೦೦೦ ಡಾಲರು ಗೆದ್ದು, ಆ ಚಿನ್ನವನ್ನು ಖರ್ಚುಮಾಡಲಾರದೆ, ಅದರ ಮೋಹದಲ್ಲಿಯೇ ಒಣಗಿ, ಕಡೆಗೆ ಗಂಡನ ಕೈಯಲ್ಲಿ ಸಾಯುವ ಹೆಂಗಸು ಆಕೆ. ನಾಣ್ಯಗಳನ್ನು ತಿಕ್ಕಿ ಹೊಳೆಯಿಸುವ ಆ ಬೆರಳುಗಳ ನಡುಕದಲ್ಲಿ ನಗೆಯ ಸುಳಿವೂ ಇಲ್ಲ. ಚಿತ್ರವು ಮೊದಲು ಎಂಟು ಗಂಟೆಗಳಷ್ಟು ಉದ್ದವಿದ್ದುದನ್ನು ಕತ್ತರಿಸಿ ಎರಡು ಗಂಟೆಗಳ ಆಸುಪಾಸಿಗೆ ಇಳಿಸಿದರು. ಅದು ಜನರ ಆದರವನ್ನೂ ಪಡೆಯಲಿಲ್ಲ.

ಆಮೇಲೆ ಹೊಟ್ಟೆಪಾಡಿನ ಹಾದಿಯಲ್ಲಿ ಅದೇ ಬೆರಳು, ಅದೇ ಕಣ್ಣು, ಅದೇ ದನಿ ಹಾಸ್ಯಕ್ಕೆ ಮಾರಾಟವಾದುವು. ಮಾತಿನ ಚಿತ್ರಗಳು ಬಂದ ಸಮಯಕ್ಕೆ ಜನರಿಗೆ ಪಿಟ್ಸ್ ಎಂದರೆ ನಗೆಯೆಂದೇ ಆಗಿಹೋಗಿತ್ತು. ೧೯೩೦ರಲ್ಲಿ ಲೂಯಿ ಮೈಲ್‌ಸ್ಟೋನನು ಮಹಾಯುದ್ಧದ ದಾರುಣತೆಯನ್ನು ತೋರಿಸುವ ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಎಂಬ ಚಿತ್ರವನ್ನು ಸಿದ್ಧಪಡಿಸಿ, ಅದರಲ್ಲಿ ಸೈನಿಕನ ರೋಗಿಷ್ಠ ತಾಯಿಯ ಪಾತ್ರವನ್ನು ಪಿಟ್ಸರಿಗೆ ಕೊಟ್ಟನು. ಬಿಡುಗಡೆಗೆ ಮುಂಚಿನ ಪ್ರದರ್ಶನದಲ್ಲಿ, ಹಾಸಿಗೆ ಹಿಡಿದ ತಾಯಿಯ ಮುಖ ತೆರೆಯ ಮೇಲೆ ಕಂಡೊಡನೆ ಪ್ರೇಕ್ಷಕರು ನಕ್ಕುಬಿಟ್ಟರು. ಆ ಭಾಗಗಳನ್ನು ಬೆರಿಲ್ ಮರ್ಸರ್ ಎಂಬ ಬೇರೆ ನಟಿಯಿಂದ ಮತ್ತೆ ಆಡಿಸಿ ಸೇರಿಸಬೇಕಾಯಿತು. ಪಿಟ್ಸರು ೧೯೬೩ರಲ್ಲಿ ತೀರಿಕೊಳ್ಳುವ ತನಕ ಹಾಸ್ಯದ ಪಾತ್ರಗಳಲ್ಲಿಯೇ ಉಳಿದರು.

ಈ ಪ್ರಸಂಗವನ್ನು ಅಭಿನವಗುಪ್ತಪಾದಾಚಾರ್ಯರ ರಸವಿಘ್ನಗಳ ವಿಚಾರದಿಂದ ವಿವರಿಸಬಹುದು. ರಸಾಸ್ವಾದಕ್ಕೆ ಅಡ್ಡಿಯಾಗುವ ಏಳು ವಿಘ್ನಗಳನ್ನು ಅವರು ಗಣಿಸಿರುವರು. ಪ್ರೇಕ್ಷಕನು ಎದುರಿಗಿರುವವನನ್ನು ರಾಮನೆಂದು ಕಾಣದೆ ಇಂತಹ ಊರಿನ ಇಂತಹ ನಟನೆಂದು ಕಂಡಲ್ಲಿ ಸಾಧಾರಣೀಕರಣ ನಡೆಯದು. ಕಿರೀಟವೇಷಾದಿಗಳಿಂದ ನಟನ ಸ್ವರೂಪವನ್ನು ಮರೆಸುವುದು ಇದಕ್ಕಾಗಿಯೇ. ಪಿಟ್ಸರ ಮುಖವನ್ನು ಮರೆಸುವ ಕಿರೀಟವಿರಲಿಲ್ಲ. ತಾಯಿಯು ಕಾಣಲಿಲ್ಲ, ಪಿಟ್ಸರು ಕಂಡರು. ಕರುಣವು ಅನುಚಿತಸ್ಥಾನದಲ್ಲಿ ತೋರಿದಂತಾಗಿ ಆಭಾಸವಾಯಿತು. ರಸವು ಆಭಾಸವಾದಲ್ಲಿ ಹಾಸ್ಯದಲ್ಲಿ ಮುಗಿಯುವುದೆಂಬುದೂ ಆಚಾರ್ಯರ ಮತವೇ. ನಕ್ಕ ಜನರಿಗೆ ಹೃದಯವಿರಲಿಲ್ಲವೆಂದಲ್ಲ. ಅವರ ಹೃದಯದಲ್ಲಿ ಬೇರೂರಿದ್ದ ಸಂಸ್ಕಾರವು ಅಷ್ಟು ಬಲವಾಗಿತ್ತು.

ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಹಾಸ್ಯಕ್ಕೂ ಕರುಣಕ್ಕೂ ವಿರೋಧವನ್ನು ಹೇಳಿರುವನು. ಪಿಟ್ಸರ ಅನುಭವವು ಆ ವಚನಕ್ಕೆ ಪ್ರತ್ಯಕ್ಷಪ್ರಮಾಣದಂತೆ ತೋರುವುದು. ಹಾಗಾದರೆ ನಗಿಸಿದವಳಿಗೆ ಅಳಿಸುವ ದಾರಿಯೇ ಇಲ್ಲವೇ? ಇದೆಯೆಂಬುದಕ್ಕೆ ಕರಾವಳಿಯಲ್ಲಿಯೇ ಸಾಕ್ಷ್ಯವಿದೆ.

೬. ಗುಲಾಬಿ

ಬಿಜೈಯ ಬಸ್ಸು ನಿಲ್ದಾಣದಿಂದ ಬಡಗಣಕ್ಕೆ ಕಡಲಂಚನ್ನು ಹಿಡಿದು ಹೋದಲ್ಲಿ ಉಡುಪಿಯನ್ನು ದಾಟಿ ಕುಂದಾಪುರ ಸಿಕ್ಕುವುದು. ಆ ಕಡೆಯ ಬೆಸ್ತರ ಕುದ್ರುವನ್ನು ಸ್ಥಳವಾಗಿ ಮಾಡಿಕೊಂಡು ಗಿರೀಶ ಕಾಸರವಳ್ಳಿಯವರು ೨೦೦೮ರಲ್ಲಿ ‘ಗುಲಾಬಿ ಟಾಕೀಸ್’ ಎಂಬ ಚಿತ್ರವನ್ನು ಮಾಡಿದರು. ಕುಂದಾಪುರದವರೇ ಆದ ವೈದೇಹಿಯವರ ಕಥೆಯೊಂದು ಅದಕ್ಕೆ ಮೂಲ. ಕಥೆಯಲ್ಲಿ ಟಾಕೀಸು ಊರಿಗೆ ಬಂದ ಚಿತ್ರಮಂದಿರ. ಚಿತ್ರದಲ್ಲಿ ಅದು ಒಬ್ಬ ಹೆಂಗಸಿನ ಗುಡಿಸಲಿಗೆ ಬಂದ ಬಣ್ಣದ ಟೆಲಿವಿಷನ್. ಕಾಲವು ಕಾರ್ಗಿಲ್ ಯುದ್ಧದ ಸುತ್ತಿನದು, ಎಂದರೆ ೧೯೯೯ರ ಆಸುಪಾಸು.

ಗುಲಾಬಿಯು ಮುಸಲ್ಮಾನಳಾದ ಸೂಲಗಿತ್ತಿ. ಗಂಡ ಮೂಸನು ಬೇರೊಬ್ಬಳೊಡನೆ ಸಂಸಾರ ಮಾಡಿಕೊಂಡಿರುವನು. ಗುಲಾಬಿಗೆ ಸಿನಿಮಾದ ಹುಚ್ಚು. ಸಿರಿವಂತರ ಮನೆಯ ಹೆರಿಗೆಯೊಂದನ್ನು ಮಾಡಿಸಿದುದಕ್ಕೆ ಅವಳಿಗೆ ಟೆಲಿವಿಷನ್ ದೊರೆಯುವುದು. ಮೊದಲು ಹಿಂದೆಮುಂದೆ ನೋಡಿದ ನೆರೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಮನೆಯಲ್ಲಿ ಕೂರುವರು. ನೇತ್ರು ಎಂಬ ಒಂಟಿ ಹೆಣ್ಣು ಅವಳಿಗೆ ಹತ್ತಿರವಾಗುವಳು. ಅಷ್ಟರಲ್ಲಿ ಹೊರಗಿನ ಲೋಕ ಕೆಡುತ್ತ ಬರುವುದು. ಸಣ್ಣ ದೋಣಿಯವರಿಗೂ ದೊಡ್ಡ ಯಾಂತ್ರಿಕ ದೋಣಿಯವರಿಗೂ ಬಿದ್ದ ಜಗಳವು ಮತದ್ವೇಷದ ಬಣ್ಣ ಪಡೆಯುವುದು. ನೇತ್ರು ಕಾಣದಾದಾಗ ಅಪವಾದ ಗುಲಾಬಿಯ ತಲೆಗೆ ಬರುವುದು. ಕಡೆಗೆ ಆ ಕುದ್ರುವನ್ನೇ ಬಿಟ್ಟು ಅವಳು ಹೋಗಬೇಕಾಗುವುದು.

ಈ ಪಾತ್ರಕ್ಕೆ ಉಮಾಶ್ರೀಯವರನ್ನು ಆರಿಸಿದಾಗ ಪಿಟ್ಸರ ವಿಷಯದಲ್ಲಿ ಬಂದ ವಿಘ್ನವೇ ಎದುರಾಗಬೇಕಿತ್ತು. ಅವರ ಮುಖವನ್ನು ಕಂಡು ನಕ್ಕವರ ಸಂಖ್ಯೆ ಕನ್ನಡನಾಡಿನಲ್ಲಿ ಕಡಮೆಯಾಗಿರಲಿಲ್ಲ. ನಟಬುದ್ಧಿಯನ್ನು ಮರೆಸುವ ಉಪಾಯಗಳು ಕೆಲವು ಅಲ್ಲಿ ಇಲ್ಲವೆಂದಲ್ಲ. ವೇಷವು ಬೇರೆ, ಭಾಷೆಯೂ ಬೇರೆ. ತುಮಕೂರಿನ ಕಡೆ ಹುಟ್ಟಿದ ನಟಿಯು ಕುಂದಾಪುರದ ಕನ್ನಡದ ಎಳೆತವನ್ನೂ ಒತ್ತನ್ನೂ ನಾಲಗೆಗೆ ತಂದುಕೊಂಡರು. ವಾಚಿಕವು ಇಲ್ಲಿ ಕಿರೀಟದ ಕೆಲಸ ಮಾಡಿತೆನ್ನಬಹುದು. ಆದರೆ ಇಷ್ಟರಿಂದಲೇ ವಿಘ್ನವು ತೊಲಗಿತೆಂದರೆ ಅದು ಪೂರ್ಣವಾದ ಸಮಾಧಾನವಾಗದು. ಮುಖ ಅದೇ, ನಗೆ ಅದೇ. ಪ್ರೇಕ್ಷಕರು ಉಮಾಶ್ರೀಯವರನ್ನು ಗುರುತಿಸಿಯೇ ನೋಡಿದರು.

ಇಲ್ಲಿ ನೆರವಿಗೆ ಬರುವವನು ಆನಂದವರ್ಧನನು. ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ ಅವನು ರಸವಿರೋಧವನ್ನು ಪರಿಹರಿಸುವ ಬಗೆಗಳನ್ನು ಹೇಳುವನು. ವಿರೋಧಿಯಾದ ಎರಡು ರಸಗಳು ಒಂದೇ ಕಡೆ ಸಮಬಲವಾಗಿ ನಿಂತಲ್ಲಿ ದೋಷ. ಆದರೆ ಒಂದು ಪ್ರಧಾನವಾಗಿ ಮತ್ತೊಂದು ಅದಕ್ಕೆ ಅಂಗವಾದಲ್ಲಿ ದೋಷವಿಲ್ಲ. ಅಂಗವಾದುದು ಕೇವಲ ಸ್ಮರಣೆಗೆ ವಿಷಯವಾಗಿದ್ದಲ್ಲಿ ಪ್ರಧಾನರಸಕ್ಕೆ ಪೋಷಣೆಯೇ ಆಗುವುದು. ಇದಕ್ಕೆ ಆಲಂಕಾರಿಕರು ಕೊಡುವ ಉದಾಹರಣೆ ಮಹಾಭಾರತದ ಸ್ತ್ರೀಪರ್ವದ್ದು. ಯುದ್ಧಭೂಮಿಯಲ್ಲಿ ಭೂರಿಶ್ರವಸನ ಕತ್ತರಿಸಿದ ತೋಳನ್ನು ಕಂಡ ಅವನ ಪತ್ನಿಯು, ಆ ಕೈ ಹಿಂದೆ ತನ್ನೊಡನೆ ನಡೆಸಿದ ಶೃಂಗಾರವನ್ನು ನೆನೆದು ಅಳುವಳು. ಶೃಂಗಾರವು ಕರುಣಕ್ಕೆ ವಿರೋಧಿಯಾದರೂ ಇಲ್ಲಿ ನೆನಪಾಗಿ ಬಂದುದರಿಂದ ಕರುಣವನ್ನು ಇಮ್ಮಡಿಸುವುದು. ತೋಳು ಕೇವಲ ತೋಳಲ್ಲ, ನಲಿವನ್ನು ಬಲ್ಲ ತೋಳು. ಅದಕ್ಕಾಗಿಯೇ ಅದರ ನಾಶ ಅಷ್ಟು ಘೋರ.

ಉಮಾಶ್ರೀಯವರ ಗುಲಾಬಿಯಲ್ಲಿ ಹಾಸ್ಯವು ಈ ರೀತಿಯಾಗಿ ಕರುಣಕ್ಕೆ ಅಂಗವಾಯಿತು. ಚಿತ್ರದ ಮೊದಲ ಭಾಗದಲ್ಲಿ ಗುಲಾಬಿಯು ನಗುವವಳು, ಸಿನಿಮಾದ ಕಥೆಗಳಲ್ಲಿ ಮುಳುಗಿ ತೇಲುವವಳು, ಪುಟ್ಟ ಆಸೆಗೆ ಮಗುವಿನಂತೆ ಕುಣಿಯುವವಳು. ಪ್ರೇಕ್ಷಕರಿಗೆ ಹಳೆಯ ಪರಿಚಯದ ನಗೆಯು ಬೇಡವೆನ್ನದೆ ಅಲ್ಲಿ ದೊರೆಯುವುದು. ಆದರೆ ಅದು ಪರಸ್ಥವಲ್ಲ, ಆತ್ಮಸ್ಥ. ಅವಳು ಯಾರನ್ನೂ ನಗಿಸಲು ಹೊರಟವಳಲ್ಲ, ತನ್ನ ಸಂತೋಷಕ್ಕೆ ತಾನು ನಗುವವಳು. ಲೋಕವು ಕೆಡುತ್ತ ಬಂದ ಹಾಗೆ ಆ ನಗೆ ಒಂದೊಂದೇ ಅಂಗುಲ ಹಿಂದೆಗೆಯುವುದು. ಉಮಾಶ್ರೀಯವರು ಅದನ್ನು ಒಮ್ಮೆಲೇ ಆರಿಸುವುದಿಲ್ಲ. ಕಣ್ಣಿನಲ್ಲಿ ಇನ್ನೂ ಇರುವಾಗಲೇ ತುಟಿಯಿಂದ ಹೋಗುವುದು. ಆಮೇಲೆ ಕಣ್ಣಿನಿಂದಲೂ ಹೋಗುವುದು. ಮೈಯ ಚಲನೆ ಕಡಮೆಯಾಗುವುದು, ಕೈಗಳು ಮಡಿಲಲ್ಲಿ ಸುಮ್ಮನೆ ಬೀಳುವುವು. ಕಡೆಯ ಭಾಗದ ಮೌನವನ್ನು ನೋಡುವಾಗ ಪ್ರೇಕ್ಷಕರಿಗೆ ಚಿತ್ರದ ಮೊದಲ ಭಾಗದ ನಗೆಯಷ್ಟೇ ಅಲ್ಲ, ಎರಡು ದಶಕಗಳಿಂದ ಕೇಳಿಬಂದ ನಗೆಯೂ ಸಂಸ್ಕಾರರೂಪದಿಂದ ಒಳಗೆ ಇದ್ದೇ ಇರುವುದು. ಇಷ್ಟು ನಗಬಲ್ಲವಳು ಸುಮ್ಮನಾದಳೆಂಬ ತಿಳಿವೇ ಕರುಣವನ್ನು ಉಕ್ಕಿಸುವುದು. ಪಿಟ್ಸರಿಗೆ ವಿಘ್ನವಾದ ಸಂಸ್ಕಾರವೇ ಇಲ್ಲಿ ವಿಭಾವವಾಯಿತು.

ಇಬ್ಬರಿಗೂ ಭೇದವೆಲ್ಲಿ ಬಂದಿತೆಂದರೆ, ಅಮೆರಿಕದ ಆ ತಾಯಿಯ ಪಾತ್ರದಲ್ಲಿ ಹಾಸ್ಯದ ನೆನಪಿಗೆ ಸ್ಥಳವಿರಲಿಲ್ಲ. ಹಾಸಿಗೆಯಲ್ಲಿ ಮಲಗಿದ ಸ್ಥಿತಿಯಲ್ಲಿಯೇ ಆಕೆ ಮೊದಲು ಕಾಣಿಸಿಕೊಳ್ಳುವಳು. ನೆನಪು ಒಳಗೆ ಸೇರಲು ಬಾಗಿಲು ಕಾಣದೆ ಹೊರಗಿನಿಂದ ಕೂಗಿತು. ಆ ಕೂಗೇ ನಗೆ. ಕಾಸರವಳ್ಳಿಯವರ ಚಿತ್ರವು ಬಾಗಿಲನ್ನು ತೆರೆದಿರಿಸಿತು. ಆದುದರಿಂದ ಕೀರ್ತಿಯಲ್ಲಿ ಒಂದು ಪಾಲು ನಿರ್ದೇಶಕರಿಗೂ ಸಲ್ಲತಕ್ಕುದು. ಆ ತೆರೆದ ಬಾಗಿಲಿನಿಂದ ಹಾದುಬರುವ ಕೆಲಸ ಮಾತ್ರ ನಟಿಯದೇ.

ಈ ಅಭಿನಯಕ್ಕಾಗಿ ೨೦೦೭ರ ಸಾಲಿನ ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠನಟಿಯ ಪುರಸ್ಕಾರವು ಉಮಾಶ್ರೀಯವರಿಗೆ ಬಂದಿತು. ೨೦೦೯ರಲ್ಲಿ ಅದು ಪ್ರಕಟವಾಯಿತು. ಪೋಷಕನಟಿಯ ಪುರಸ್ಕಾರವಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಹಾಲಿವುಡ್ಡಿನವರು ಪೋಷಕಪಾತ್ರಗಳಿಗೆಂದು ಬೇರೆ ಪ್ರಶಸ್ತಿಯನ್ನು ಏರ್ಪಡಿಸಿದುದೇ ೧೯೩೬ರ ಸಾಲಿನಿಂದ. ಆ ಏರ್ಪಾಡು ಪೋಷಕರಿಗೆ ಮರ್ಯಾದೆಯನ್ನು ಕೊಟ್ಟಿತು, ಅದರ ಜೊತೆಗೆ ಗೋಡೆಯನ್ನೂ ಎಬ್ಬಿಸಿತು. ಗುಲಾಬಿಯು ಆ ಗೋಡೆಯ ಈಚೆಗಿನವಳು.

೭. ಆಕ್ಷೇಪ ಸಮಾಧಾನ

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ಹೀಗೆ ಹೇಳಿದಲ್ಲಿ ಹಳೆಯ ಚಿತ್ರಗಳ ಗ್ರಾಮ್ಯತೆಗೆ ಪುರಸ್ಕಾರ ಕೊಟ್ಟಂತಾಗದೇ? ಆಗದು. ಗ್ರಾಮ್ಯವು ಕಾವ್ಯದೋಷವೆಂಬುದರಲ್ಲಿ ವಿವಾದವಿಲ್ಲ, ಆ ಸಂಭಾಷಣೆಗಳು ದುಷ್ಟವಾಗಿಯೇ ಉಳಿಯುವುವು. ಇಲ್ಲಿ ಎತ್ತಿಹಿಡಿದುದು ಆ ಮಾತುಗಳನ್ನಲ್ಲ, ಆ ಮಾತುಗಳ ಕೆಳಗೂ ನಟಿಯು ಬಿಡದೆ ಉಳಿಸಿಕೊಂಡ ಪಾತ್ರನಿಷ್ಠೆಯನ್ನು. ಕೆಸರು ಕೆಸರೇ, ಬೇರು ಅಲ್ಲಿ ಬದುಕಿತೆಂಬುದು ಬೇರೆ ಮಾತು.

ಎರಡನೆಯದು: ಪ್ರೇಕ್ಷಕರ ಹಿಂದಿನ ಪರಿಚಯವನ್ನು ರಸಕ್ಕೆ ಕಾರಣವೆಂದರೆ, ಪರಿಚಯವಿಲ್ಲದ ಪರದೇಶದವರಿಗೆ ಗುಲಾಬಿಯಿಂದ ರಸವಾಗಬಾರದಷ್ಟೆ? ಈ ಆಕ್ಷೇಪವು ಬಲವಾದುದು. ಸಮಾಧಾನವೇನೆಂದರೆ, ಹಿಂದಿನ ಪರಿಚಯವು ಪೋಷಕವೇ ಹೊರತು ಕಾರಣವಲ್ಲ. ಕಾರಣವಾದ ನಗೆಯು ಚಿತ್ರದ ಮೊದಲ ಭಾಗದಲ್ಲಿಯೇ ಇದೆ. ಅದನ್ನು ಕಂಡ ಯಾರಿಗಾದರೂ ಕಡೆಯ ಭಾಗದಲ್ಲಿ ಅದು ಸ್ಮರಣೆಯಾಗಿ ಒದಗುವುದು. ಕನ್ನಡದವರಿಗೆ ಆ ಸ್ಮರಣೆಯ ಆಳ ಹೆಚ್ಚು, ಅಷ್ಟೇ. ಭೂರಿಶ್ರವಸನ ಕಥೆಯನ್ನು ಮೊದಲಿಂದ ಓದಿದವನಿಗೂ ಆ ಒಂದು ಸಂದರ್ಭವನ್ನೇ ಓದಿದವನಿಗೂ ಇರುವ ಅಂತರದಂತೆ ಇದನ್ನು ತಿಳಿಯಬೇಕು.

೮. ಮಂಥರೆ

ಗುಲಾಬಿಯ ತರುವಾಯ ಉಮಾಶ್ರೀಯವರು ರಂಗವನ್ನು ಬಿಡಲಿಲ್ಲ. ಬೇಲೂರು ರಘುನಂದನರು ಬರೆದು ಚಿದಂಬರರಾವ್ ಜಂಬೆಯವರು ನಿರ್ದೇಶಿಸಿದ ‘ಶರ್ಮಿಷ್ಠೆ’ ಎಂಬ ಏಕವ್ಯಕ್ತಿ ನಾಟಕದಲ್ಲಿ ಯಯಾತಿಯ ಕಥೆಯ ದಾಸಿಯಾದ ರಾಜಪುತ್ರಿಯನ್ನು ಆಡಿದರು. ೨೦೨೧ರಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಎಂಬ ಟೆಲಿವಿಷನ್ ಧಾರಾವಾಹಿಯಲ್ಲಿ ಪುಟ್ಟಕ್ಕನಾಗಿ ಮನೆಮನೆಗೆ ಬಂದರು. ಪ್ರಕೃತ ವಿಚಾರಕ್ಕೆ ಹೆಚ್ಚು ಹತ್ತಿರವಾದುದು ೨೦೨೫ರ ಜನವರಿಯಲ್ಲಿ ನಡೆದುದು. ಕುಂದಾಪುರವನ್ನೂ ದಾಟಿ ಅದೇ ಕಡಲ ದಾರಿಯಲ್ಲಿ ಮುಂದೆ ಹೋದಲ್ಲಿ ಸಿಕ್ಕುವ ಹೊನ್ನಾವರದಲ್ಲಿ, ಪೆರ್ಡೂರು ಮೇಳದ ಆಟದಲ್ಲಿ, ಅವರು ಮಂಥರೆಯಾಗಿ ಯಕ್ಷಗಾನದ ರಂಗವನ್ನು ಏರಿದರು. ಹಾಸ್ಯಗಾರನಿಗೆ ಸಲ್ಲುವಂತಹ ಮುದುಕಿಯ ವೇಷವನ್ನು ಒಬ್ಬ ಹಾಸ್ಯನಟಿಯೇ ಕಟ್ಟಿದುದು ಇಲ್ಲಿಯ ವಿಶೇಷ.

ಮಂಥರೆಯಲ್ಲಿ ಭರತನು ಹೇಳಿದುದೆಲ್ಲ ಕೂಡಿಬಂದಿದೆ. ಸ್ತ್ರೀ, ದಾಸಿ, ವಿಕೃತಾಂಗಿ. ಹಾಸ್ಯಕ್ಕೆ ಬೇಕಾದ ವಿಭಾವಗಳಲ್ಲಿ ಒಂದೂ ಕಡಮೆಯಿಲ್ಲ. ವಾಲ್ಮೀಕಿಯೂ ಅದನ್ನು ಬಲ್ಲನು. ದುರ್ಬೋಧನೆಗೆ ಮರುಳಾದ ಕೈಕೇಯಿಯು ಸಂತೋಷದಿಂದ ಮಂಥರೆಯ ಗೂನನ್ನು ಹೊಗಳಿ, ಅದಕ್ಕೆ ಚಿನ್ನದ ಮಾಲೆ ತೊಡಿಸುವೆನೆನ್ನುವ ಸಂದರ್ಭವನ್ನು ಅಯೋಧ್ಯಾಕಾಂಡದಲ್ಲಿ ಅವನು ಇರಿಸಿರುವನು. ರಾಮಾಯಣದ ಮಹಾಶೋಕಕ್ಕೆ ಒಂದು ಹೆಜ್ಜೆ ಹಿಂದೆಯೇ ಈ ನಗೆ ಇದೆ. ದಶರಥನ ಮರಣ, ರಾಮನ ವನವಾಸ, ಭರತನ ಸಂತಾಪ ಎಲ್ಲವೂ ಆ ಗೂನಿನ ನೆರಳಿನಿಂದ ಹೊರಟುವು. ಶಾಸ್ತ್ರವು ಕೆಳಗಿನ ಮೆಟ್ಟಿಲಿನಲ್ಲಿ ಕೂರಿಸಿದ ಹೆಂಗಸನ್ನು ಆದಿಕವಿಯು ಕಥೆಯ ತಿರುಗಣೆಯ ಮೇಲೆ ನಿಲ್ಲಿಸಿದನು. ಕರುಣರಸವನ್ನು ಕಾವ್ಯದ ಮೂಲದಲ್ಲಿಟ್ಟವನಿಗೆ ನಗೆಯ ಪಾತ್ರವು ತುಚ್ಛವಾಗಿ ತೋರಲಿಲ್ಲ.

ಆದುದರಿಂದ ರೂಢಿಯ ಮಾತನ್ನು ತಿದ್ದಿಕೊಳ್ಳುವುದು ಉಚಿತ. ಉಮಾಶ್ರೀಯವರು ಹಾಸ್ಯವನ್ನು ಬಿಟ್ಟು ಕರುಣಕ್ಕೆ ಬಂದವರಲ್ಲ, ಹಾಸ್ಯವನ್ನು ಹೊತ್ತುಕೊಂಡೇ ಕರುಣಕ್ಕೆ ಬಂದವರು. ಹೊತ್ತುತಂದ ಆ ಭಾರದಿಂದಲೇ ಅವರ ಕರುಣಕ್ಕೆ ತೂಕ ಬಂದಿತು. ಹಾಸ್ಯ ಕರುಣಗಳಿಗೆ ವಿರೋಧವುಂಟೆಂಬ ವಿಶ್ವನಾಥನ ವಚನವು ಸುಳ್ಳಲ್ಲ; ಆ ವಿರೋಧವನ್ನು ಸ್ಮರಣೆಯಿಂದ ಕಳೆಯಬಹುದೆಂಬ ಆನಂದವರ್ಧನನ ವಚನವೂ ಅದರ ಜೊತೆಗೆ ಓದತಕ್ಕುದು. ಕಾಲೇಜುಗಳಲ್ಲಿ ರಸಪ್ರಕರಣವನ್ನು ಪಾಠ ಹೇಳುವ ಅಧ್ಯಾಪಕರು ಸ್ತ್ರೀಪರ್ವದ ಉದಾಹರಣೆಯ ಪಕ್ಕದಲ್ಲಿ ಗುಲಾಬಿಯನ್ನೂ ಇರಿಸಿದಲ್ಲಿ ವಿದ್ಯಾರ್ಥಿಗಳಿಗೆ ವಿಷಯವು ಕಣ್ಣಿಗೆ ಕಟ್ಟುವುದು. ವಿದೂಷಕಿಯೆಂಬ ಶಬ್ದವನ್ನು ನಿಘಂಟಿಗೆ ಸೇರಿಸಬೇಕೇ ಬೇಡವೇ ಎಂಬುದನ್ನು ವಿದ್ವಾಂಸರು ತೀರ್ಮಾನಿಸಲಿ. ಪಾತ್ರವು ಮಾತ್ರ ಹೆಸರಿಗಾಗಿ ಕಾಯದೆ ಕನ್ನಡದಲ್ಲಿ ಹುಟ್ಟಿ ಬೆಳೆದು ನಿಂತಿದೆ.